ಪಂದ್ಯ ಮುಗಿದ ಮೇಲಿನ ದ್ವೀಪ

(2025ರ ಡಿಸೆಂಬರ್‌ನಲ್ಲಿ ಬಿಳೇಕಹಳ್ಳಿಯಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹ ರೂಪ)



ಪ್ರವಾಸದ ಬಗ್ಗೆ ಮಾತಾಡಬೇಕೆಂದು ಈ ಉಪನ್ಯಾಸ ಏರ್ಪಡಿಸಿದ ಸಂಘದವರು ಕೇಳಿದಾಗ ನಾನು ತಕ್ಷಣ ಒಪ್ಪಿಕೊಂಡೆ. ಇಲ್ಲಿಂದ ನಡೆದು ಹೋಗುವಷ್ಟು ದೂರದಲ್ಲಿ ಐಐಎಂ ಇದೆ. ಅಲ್ಲಿನ ಪ್ರಾಧ್ಯಾಪಕರು ಇದೇ ವಿಷಯವನ್ನು ನಕ್ಷೆ, ಕೋಷ್ಟಕ ಇಟ್ಟು ವಿವರಿಸಬಲ್ಲರು. ನಾನು ಇಪ್ಪತ್ತೆರಡು ವರ್ಷ ಟ್ರಾವೆಲ್ಸ್ ಕಚೇರಿಯ ಮೇಜಿನ ಹಿಂದೆ ಕೂತು ಜನರಿಗೆ ಟಿಕೆಟ್ ಮಾಡಿಕೊಟ್ಟವನು. ಅಲ್ಲಿಂದ ಕಂಡದ್ದನ್ನು ಹೇಳುತ್ತೇನೆ.

ಈಗಲೂ ದಿನಕ್ಕೆರಡು ಗಂಟೆ ಆ ಕಚೇರಿಗೆ ಹೋಗಿ ಕೂರುತ್ತೇನೆ. ಹೋದ ವಾರ ಬನ್ನೇರುಘಟ್ಟ ರಸ್ತೆಯ ಕಂಪನಿಯೊಂದರ ಹುಡುಗ ಬಂದ. "ಸರ್, ಫೆಬ್ರವರಿ ಹದಿನೈದರ ಮ್ಯಾಚಿಗೆ ಕೊಲಂಬೊಗೆ ನಾಲ್ಕು ಜನ. ಹದಿನಾಲ್ಕಕ್ಕೆ ಹೊರಟು ಹದಿನಾರಕ್ಕೆ ವಾಪಸ್." ಮುಂದಿನ ಟಿ20 ವಿಶ್ವಕಪ್ 2026ರ ಫೆಬ್ರವರಿ 7ರಿಂದ ಮಾರ್ಚ್ 8ರವರೆಗೆ ಭಾರತ ಮತ್ತು ಶ್ರೀಲಂಕಾದಲ್ಲಿ ನಿಗದಿಯಾಗಿದೆ. ಭಾರತ-ಪಾಕಿಸ್ತಾನ ಪಂದ್ಯ ಕೊಲಂಬೊಗೆ ಬಿದ್ದಿದೆ. ಇನ್ನೊಂದು ದಿನ ಉಳಿದರೆ ಕ್ಯಾಂಡಿಯನ್ನೋ ಗಾಲೆಯನ್ನೋ ನೋಡಬಹುದಲ್ಲಪ್ಪ ಎಂದೆ. "ಬೇಡ ಸರ್, ಮ್ಯಾಚ್ ಒಂದೇ ಸಾಕು" ಎಂದ. ಅವನದು ತಪ್ಪಲ್ಲ. ರಜೆ ಇರುವುದೇ ಅಷ್ಟು. ಆದರೆ ಹೀಗೆ ಎರಡು ರಾತ್ರಿಗೆ ಬಂದು ಹೋಗುವ ಅತಿಥಿಯಿಂದ ಆ ದ್ವೀಪಕ್ಕೆ ಏನು ಸಿಗುತ್ತದೆ ಎಂಬ ಪ್ರಶ್ನೆ ನನ್ನನ್ನು ಬಹಳ ಕಾಲದಿಂದ ಕಾಡಿದೆ. ಇವತ್ತಿನ ಮಾತೆಲ್ಲ ಅದರ ಸುತ್ತಲೇ.

1996ರಿಂದ ಶುರು ಮಾಡೋಣ. ಆ ವರ್ಷದ ಮಾರ್ಚ್ 9 ಇಲ್ಲಿರುವ ಹಿರಿಯರಿಗೆ ಮರೆತಿರಲಾರದು. ನಮ್ಮ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ವಿಶ್ವಕಪ್ಪಿನ ಭಾರತ-ಪಾಕಿಸ್ತಾನ ಕ್ವಾರ್ಟರ್ ಫೈನಲ್. ವೆಂಕಟೇಶ ಪ್ರಸಾದ್ ಆಮಿರ್ ಸೊಹೇಲರ ಸ್ಟಂಪ್ ಉರುಳಿಸಿದ ರಾತ್ರಿ ಅದು. ಶ್ರೀನಾಥ್, ಕುಂಬ್ಳೆ, ಪ್ರಸಾದ್ ಮೂವರೂ ನಮ್ಮವರು, ಆಡಿದ್ದು ನಮ್ಮೂರಲ್ಲಿ. ಅದೇ ವಿಶ್ವಕಪ್ಪಿಗೆ ಶ್ರೀಲಂಕಾವೂ ಆತಿಥೇಯ ದೇಶವಾಗಿತ್ತು. ಜನವರಿ 31ರಂದು ಕೊಲಂಬೊದ ಸೆಂಟ್ರಲ್ ಬ್ಯಾಂಕಿನ ಮೇಲೆ ಬಾಂಬ್ ದಾಳಿ ನಡೆದು ಹತ್ತಿರಹತ್ತಿರ ನೂರು ಜನ ಸತ್ತರು. ಆಸ್ಟ್ರೇಲಿಯಾ ಮತ್ತು ವೆಸ್ಟ್ ಇಂಡೀಸ್ ತಂಡಗಳು ಅಲ್ಲಿ ಆಡಲು ಒಪ್ಪಲಿಲ್ಲ. ಲಂಕೆಗೆ ಆ ಎರಡು ಪಂದ್ಯಗಳ ಅಂಕ ಆಡದೆಯೇ ಸಿಕ್ಕಿತು. ಆದರೆ ಆ ಪಂದ್ಯಗಳಿಗಾಗಿ ಬರಬೇಕಾಗಿದ್ದ ಜನ ಬರಲಿಲ್ಲ. ಹೆದರಬೇಡಿ, ನಾವಿದ್ದೇವೆ ಎಂದು ತೋರಿಸಲು ಫೆಬ್ರವರಿ 13ರಂದು ಭಾರತ ಮತ್ತು ಪಾಕಿಸ್ತಾನದ ಆಟಗಾರರು ಒಂದೇ ತಂಡವಾಗಿ ಕೊಲಂಬೊಗೆ ಹೋಗಿ ಲಂಕೆಯ ಎದುರು ಆಡಿದರು. ನೆರೆಯವರು ನೆರೆಯವರಂತೆ ನಡೆದುಕೊಂಡ ದಿನ ಅದು. ನಮ್ಮ ಮಕ್ಕಳಿಗೆ ನಾವು ಈ ಪಂದ್ಯದ ಕಥೆಯನ್ನು ಹೇಳಬೇಕು.

ಮಾರ್ಚ್ 17ರಂದು ಲಾಹೋರ್‌ನಲ್ಲಿ ಲಂಕೆ ಆಸ್ಟ್ರೇಲಿಯಾವನ್ನು ಸೋಲಿಸಿ ವಿಶ್ವಕಪ್ ಗೆದ್ದಿತು. ಒಂದು ದ್ವೀಪಕ್ಕೆ ಇದಕ್ಕಿಂತ ದೊಡ್ಡ ಪ್ರಚಾರ ಬೇಕೆ? ಆದರೂ 1995ರಲ್ಲಿ 4 ಲಕ್ಷ ದಾಟಿದ್ದ ವಿದೇಶಿ ಪ್ರವಾಸಿಗರ ಸಂಖ್ಯೆ 1996ರಲ್ಲಿ ಸುಮಾರು 3 ಲಕ್ಷಕ್ಕೆ ಕುಸಿಯಿತು. ಕಪ್ ಗೆದ್ದ ಸುದ್ದಿಗಿಂತ ಬಾಂಬಿನ ಸುದ್ದಿ ಹೆಚ್ಚು ಮನೆಗಳನ್ನು ತಲುಪಿತ್ತು. 2009ರ ಮೇ ತಿಂಗಳಲ್ಲಿ ಲಂಕೆಯ ಅಂತರ್ಯುದ್ಧ ಮುಗಿಯಿತು. ಮರುವರ್ಷವೇ ಸಂಖ್ಯೆ ಆರೂವರೆ ಲಕ್ಷಕ್ಕೆ ಏರಿತು, 2012ರಲ್ಲಿ 10 ಲಕ್ಷ ದಾಟಿತು. 2011ರ ವಿಶ್ವಕಪ್ ಈ ಏರಿಕೆಯ ನಡುವೆ ಬಂತು, ಅದರ ಪಾಲೂ ಸ್ವಲ್ಪ ಇರಬಹುದು. ಆದರೆ ಬಾಗಿಲು ತೆರೆದದ್ದು ಶಾಂತಿ ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಇನ್ನು 2007. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಇದು ನನ್ನ ಮೇಜಿನ ಮೇಲೇ ನಡೆದದ್ದು.

ಆಗ ನಾನು ಜಯನಗರದ ಕಚೇರಿಯೊಂದರಲ್ಲಿದ್ದೆ. ವಿಮಾನ ನಿಲ್ದಾಣ ಇನ್ನೂ ಎಚ್‌ಎಎಲ್‌ನಲ್ಲಿತ್ತು. ವಿಶ್ವಕಪ್ ವೆಸ್ಟ್ ಇಂಡೀಸಿನಲ್ಲಿ, ಭಾರತದ ನಾಯಕ ರಾಹುಲ್ ದ್ರಾವಿಡ್. ಜೆ.ಪಿ. ನಗರದ ಬ್ಯಾಂಕ್ ಅಧಿಕಾರಿಯೊಬ್ಬರು ಮುಂದಾಳಾಗಿ ಹದಿನಾಲ್ಕು ಜನರ ತಂಡ ಕಟ್ಟಿದರು. ಬಹುಪಾಲು ನಿವೃತ್ತರು, ಒಬ್ಬರು ತಮ್ಮ ಗ್ರಾಚ್ಯುಟಿ ಹಣದಲ್ಲಿ ಹೊರಟಿದ್ದರು. ಲಂಡನ್ ಮೇಲೆ ಹಾರಿ ಬಾರ್ಬಡೋಸ್ ಸೇರುವುದು, ಏಪ್ರಿಲ್ 15ರಂದು ಬ್ರಿಜ್‌ಟೌನಿನ ಕೆನ್ಸಿಂಗ್ಟನ್ ಓವಲ್‌ನಲ್ಲಿ ಸೂಪರ್ ಎಂಟರ ಪಂದ್ಯ ನೋಡುವುದು. ಲೆಕ್ಕದ ಪ್ರಕಾರ ಅದು ಭಾರತ-ಪಾಕಿಸ್ತಾನ ಪಂದ್ಯವಾಗಬೇಕಿತ್ತು.

ಆ ಸಣ್ಣ ದ್ವೀಪಗಳು ಎಷ್ಟು ಶ್ರಮ ಪಟ್ಟಿದ್ದವು ಎಂಬುದನ್ನು ವೀಸಾ ಅರ್ಜಿ ತುಂಬಿದ ನನ್ನಂಥವರು ಬಲ್ಲರು. ಎಂಟು ದೇಶಗಳಲ್ಲಿ ಪಂದ್ಯಗಳು. ಹತ್ತು ದೇಶಗಳು ಕೂಡಿ, ಒಂದರೊಳಗೆ ಕಾಲಿಟ್ಟವರು ಉಳಿದವಕ್ಕೆ ನಿರಾತಂಕವಾಗಿ ಓಡಾಡುವಂತೆ ತಾತ್ಕಾಲಿಕವಾಗಿ ಗಡಿ ಸಡಿಲಿಸಿದ್ದವು. ಕೆನ್ಸಿಂಗ್ಟನ್ ಓವಲನ್ನು ಬಹುತೇಕ ಹೊಸದಾಗಿ ಕಟ್ಟಿದ್ದರು. ಆಂಟಿಗುವಾದಲ್ಲಿ ಚೀನಾದ ನೆರವಿನಿಂದ, ಗಯಾನಾದಲ್ಲಿ ಭಾರತದ ನೆರವಿನಿಂದ ಹೊಸ ಕ್ರೀಡಾಂಗಣಗಳು ಎದ್ದಿದ್ದವು.

ಮಾರ್ಚ್ 17. ಒಂದೇ ದಿನ ಭಾರತ ಬಾಂಗ್ಲಾದೇಶಕ್ಕೆ ಸೋತಿತು, ಪಾಕಿಸ್ತಾನ ಐರ್ಲೆಂಡಿಗೆ ಸೋತಿತು. 23ರಂದು ನಾವು ಲಂಕೆಗೂ ಸೋತೆವು. ಮತ್ತೆರಡು ದಿನಕ್ಕೆ ಬಾಂಗ್ಲಾದೇಶ ಬರ್ಮುಡಾವನ್ನು ಸೋಲಿಸಿದಾಗ ಉಳಿದಿದ್ದ ಆಸೆಯೂ ಹೋಯಿತು. ಮರುದಿನ ಬೆಳಿಗ್ಗೆ ನಾನು ಬಾಗಿಲು ತೆಗೆಯುವ ಮೊದಲೇ ಆ ಬ್ಯಾಂಕ್ ಅಧಿಕಾರಿ ಮೆಟ್ಟಿಲ ಮೇಲೆ ಕೂತಿದ್ದರು. ಹದಿನಾಲ್ಕರಲ್ಲಿ ಹದಿಮೂರು ಜನ ಪ್ರಯಾಣ ರದ್ದು ಮಾಡಿದರು. ವಸತಿಗೆ ಕಟ್ಟಿದ ಮುಂಗಡ ವಾಪಸ್ ಬರಲಿಲ್ಲ. ಏಪ್ರಿಲ್ 15ರಂದು ಆ ಮೈದಾನದಲ್ಲಿ ಆಡಿದ್ದು ಐರ್ಲೆಂಡ್ ಮತ್ತು ಬಾಂಗ್ಲಾದೇಶ.

ಗ್ರಾಚ್ಯುಟಿ ಹಣದವರು ಒಬ್ಬರೇ ಹೋದರು. ಹೇಗೂ ಕಟ್ಟಿಯಾಗಿದೆ, ಸಮುದ್ರವನ್ನಾದರೂ ನೋಡಿ ಬರುತ್ತೇನೆ ಎಂದರು. ತಿರುಗಿ ಬಂದು ಅವರು ಹೇಳಿದ ಮಾತು ನನ್ನ ಕಣ್ಣು ತೆರೆಸಿತು. ಅವರು ಇಳಿದುಕೊಂಡಿದ್ದ ಮನೆಯ ಒಡತಿಗೆ ಪ್ರತಿ ಮಾರ್ಚ್, ಏಪ್ರಿಲ್‌ನಲ್ಲಿ ಕೆನಡಾ, ಇಂಗ್ಲೆಂಡಿನಿಂದ ಕಾಯಂ ಅತಿಥಿಗಳು ಬರುತ್ತಿದ್ದರಂತೆ. ಬಾರ್ಬಡೋಸಿಗೆ ಡಿಸೆಂಬರಿನಿಂದ ಏಪ್ರಿಲ್‌ವರೆಗೆ ಸುಗ್ಗಿ. ಚಳಿ ದೇಶದವರು ಬಿಸಿಲು ಹುಡುಕಿಕೊಂಡು ಬರುವ ಕಾಲ. ಆ ವರ್ಷ ಅವರೆಲ್ಲ "ವಿಶ್ವಕಪ್ ಗದ್ದಲ, ಬಾಡಿಗೆ ದುಬಾರಿ" ಎಂದು ಬರಲಿಲ್ಲ. ಅವರ ಜಾಗಕ್ಕೆ ಬರಬೇಕಿದ್ದ ನಮ್ಮವರೂ ಬರಲಿಲ್ಲ. ಹಳೆಯ ನೆಂಟರನ್ನು ಕಳುಹಿಸಿ ಹೊಸ ನೆಂಟರಿಗೆ ಎಲೆ ಹಾಕಿ ಕಾದಂತಾಯಿತು ಆಕೆಯ ಸ್ಥಿತಿ.

ಪ್ರವಾಸೋದ್ಯಮದ ಲೆಕ್ಕದಲ್ಲಿ ಬಹಳ ಜನ ಎಡವುವುದು ಇಲ್ಲೇ. ಪಂದ್ಯಕ್ಕೆ ಎಷ್ಟು ಜನ ಬಂದರು ಎಂದು ಎಣಿಸುತ್ತಾರೆ. ಪಂದ್ಯದ ಕಾರಣಕ್ಕೇ ಬರದೆ ಹೋದವರನ್ನು ಯಾರೂ ಎಣಿಸುವುದಿಲ್ಲ.

ಹಾಗಾದರೆ ಸುಗ್ಗಿ ಬಿಟ್ಟು, ಕೋಣೆ ಖಾಲಿ ಇರುವ ಕಾಲದಲ್ಲಿ ಪಂದ್ಯ ಇಡಬಹುದಲ್ಲ ಎಂದು ಕೇಳಬಹುದು. ಉಷ್ಣವಲಯದ ದ್ವೀಪಗಳಲ್ಲಿ ಕೋಣೆ ಖಾಲಿ ಇರುವುದು ಮಳೆ ಸುರಿಯುವ ಕಾಲದಲ್ಲಿ. ಕೋಣೆ ಸಿಕ್ಕಾಗ ಆಟ ನಡೆಯದು, ಆಟ ನಡೆಯುವಾಗ ಕೋಣೆ ಸಿಗದು. ಈ ವರ್ಷದ ಅಕ್ಟೋಬರ್‌ನಲ್ಲಿ ಮಹಿಳಾ ವಿಶ್ವಕಪ್ಪಿನ ಹಲವು ಪಂದ್ಯಗಳು ಕೊಲಂಬೊದ ಮಳೆಯಲ್ಲಿ ಕೊಚ್ಚಿಹೋದದ್ದನ್ನು ನೀವು ಟಿವಿಯಲ್ಲಿ ನೋಡಿದ್ದೀರಿ.

ಈ ಮಳೆಯನ್ನು ನಾನು ಅಲ್ಲಿನ ಪ್ರೇಮದಾಸ ಕ್ರೀಡಾಂಗಣದಲ್ಲಿ ಕೂತು ನೋಡಿದ್ದೇನೆ. 2023ರ ಸೆಪ್ಟೆಂಬರ್ 10, ಭಾನುವಾರ, ಏಷ್ಯಾ ಕಪ್, ಭಾರತ-ಪಾಕಿಸ್ತಾನ. ಹನ್ನೊಂದು ಜನರನ್ನು ಕರೆದುಕೊಂಡು ಹೋಗಿದ್ದೆ. 24.1 ಓವರಿಗೆ ಭಾರತ 2 ವಿಕೆಟಿಗೆ 147 ಮಾಡಿದ್ದಾಗ ಆಕಾಶ ಕಪ್ಪಾಯಿತು. ನಮ್ಮಲ್ಲಿ ಹೆಚ್ಚಿನ ಕಡೆ ಮಳೆ ಬಂದರೆ ಪಿಚ್ ಸುತ್ತಮುತ್ತ ಮುಚ್ಚುತ್ತಾರೆ. ಅಲ್ಲಿ ಇಡೀ ಮೈದಾನವನ್ನೇ ಮುಚ್ಚುತ್ತಾರೆ. ಬರಿಗಾಲಿನ ನೂರಾರು ಜನ ಒಂದು ಕಡೆಯಿಂದ ಟಾರ್ಪಾಲು ಹಿಡಿದು ಓಡುತ್ತಾರೆ. ಗಾಳಿ ಒಳಗೆ ಹೊಕ್ಕು ಅದನ್ನು ಎತ್ತುತ್ತದೆ. ನಾಲ್ಕಾರು ಜನ ಅದರ ಮೇಲೆ ಬಿದ್ದು ಮೈಯ ಭಾರದಿಂದ ಹಿಡಿದುಕೊಳ್ಳುತ್ತಾರೆ. ಮಳೆ ನಿಂತರೆ ನೀರು ಚೆಲ್ಲಿ ಮಡಚುತ್ತಾರೆ, ಮತ್ತೆ ಹನಿ ಬಿದ್ದರೆ ಮತ್ತೆ ಓಟ. ಆ ಸಂಜೆ ಅವರು ಎಷ್ಟು ಸಲ ಓಡಿದರೋ ಲೆಕ್ಕ ತಪ್ಪಿತು. ಟೂರ್ನಿ ಮುಗಿದಾಗ ಆ ಸಿಬ್ಬಂದಿಗೆ ಕ್ರಿಕೆಟ್ ಸಂಸ್ಥೆಗಳು 50,000 ಡಾಲರ್ ಬಹುಮಾನ ಕೊಟ್ಟವು. ಫೈನಲ್‌ನಲ್ಲಿ 6 ವಿಕೆಟ್ ಪಡೆದ ಸಿರಾಜ್ ತಮ್ಮ ಬಹುಮಾನದ ಹಣವನ್ನೂ ಅವರಿಗೇ ಬಿಟ್ಟರು. ಆ ಎರಡು ಸುದ್ದಿ ಕೇಳಿ ನನಗಾದ ಸಂತೋಷ ಅಷ್ಟಿಷ್ಟಲ್ಲ.

ಪಂದ್ಯ ಮರುದಿನಕ್ಕೆ ಹೋಯಿತು. ನಮ್ಮ ವಿಮಾನ ಸೋಮವಾರ ಬೆಳಿಗ್ಗೆಯೇ ಇತ್ತು. ರಾತ್ರಿಯೆಲ್ಲ ಫೋನಿನಲ್ಲಿ ಕೂತು ಟಿಕೆಟ್ ಬದಲಿಸಿದೆ. ಒಂಬತ್ತು ಜನ ಉಳಿದರು. ಕೊಲಂಬೊ ಪಕ್ಕದ ದೆಹಿವಲದಲ್ಲಿ ನಾವಿದ್ದ ಗೆಸ್ಟ್‌ಹೌಸಿನ ತಾಯಿ ಬೆಳಿಗ್ಗೆ ಶಾವಿಗೆಯಂಥ ಇಡಿಯಾಪ್ಪ, ತೆಂಗಿನಕಾಯಿ ಸಂಬೋಲ, ಬೇಳೆ ಸಾರು ಬಡಿಸಿದರು. ಮೊದಲ ಎರಡು ದಿನ ನಮ್ಮ ಹುಡುಗರು ಅವರ ಮನೆಯಲ್ಲಿ ಒಂದು ತುತ್ತೂ ತಿಂದಿರಲಿಲ್ಲ, ಎಲ್ಲ ಹೊರಗೇ, ಅವಸರದಲ್ಲಿ. ಆ ಬೆಳಿಗ್ಗೆ ಮೊದಲ ಬಾರಿಗೆ ಕೂತು ತಿಂದರು. ಆಟ ಶುರುವಾಗಲು ಸಂಜೆಯಾಗುತ್ತದೆ ಎಂದು ತಿಳಿದು ಮೂರು ತ್ರೀವೀಲರ್ ಹಿಡಿದು ಗಂಗಾರಾಮಯ ವಿಹಾರಕ್ಕೆ ಹೋದರು, ಪೆಟ್ಟಾ ಮಾರುಕಟ್ಟೆಯಲ್ಲಿ ಅಮ್ಮಂದಿರಿಗೆ ಬಟ್ಟೆ ಕೊಂಡರು, ಚಹಾ ಪೊಟ್ಟಣ, ದಾಲ್ಚಿನ್ನಿ ಕೊಂಡರು. ಸಂಜೆ ಮೈದಾನದಲ್ಲಿ ನಮ್ಮ ಕೆ.ಎಲ್. ರಾಹುಲ್ ಔಟಾಗದೆ 111, ಕೊಹ್ಲಿ ಔಟಾಗದೆ 122. ಭಾರತ 228 ರನ್‌ಗಳಿಂದ ಗೆದ್ದಿತು. ಸುತ್ತ ಎಷ್ಟೋ ಆಸನಗಳು ಖಾಲಿಯಿದ್ದವು.

ವಾಪಸ್ ಬಂದು ಅವರ ಖರ್ಚಿನ ಚೀಟಿಗಳನ್ನು ಕೂಡಿಸಿ ನೋಡಿದೆ, ನನಗೆ ಆ ಅಭ್ಯಾಸವಿದೆ. ಪ್ಯಾಕೇಜಿನ ಹಣದಲ್ಲಿ ದೊಡ್ಡ ಪಾಲು ವಿಮಾನಕ್ಕೆ, ಮುಂದಿನದು ಪಂದ್ಯದ ಟಿಕೆಟಿಗೆ. ದ್ವೀಪದ ಸಾಮಾನ್ಯ ಜನರ ಕೈಗೆ, ಅಂದರೆ ಗಾಡಿಯವರಿಗೆ, ಅಂಗಡಿಯವರಿಗೆ, ಆ ತಾಯಿಗೆ ಸೇರಿದ ಹಣದಲ್ಲಿ ಅರ್ಧಕ್ಕೂ ಹೆಚ್ಚು ಖರ್ಚಾದದ್ದು ಮಳೆಯಿಂದ ಸಿಕ್ಕ ಆ ಒಂದು ದಿನದಲ್ಲಿ. ಒಂಬತ್ತರಲ್ಲಿ ಇಬ್ಬರು ಮರುವರ್ಷ ಮನೆಯವರನ್ನು ಕರೆದುಕೊಂಡು ಅದೇ ಗೆಸ್ಟ್‌ಹೌಸಿಗೆ ಹೋದರು, ಪಂದ್ಯವೇನೂ ಇಲ್ಲದಾಗ. ನನ್ನ ಮಟ್ಟಿಗೆ ಪ್ರವಾಸೋದ್ಯಮ ಅಂದರೆ ಆ ಎರಡನೆಯ ಭೇಟಿ.

ಇದನ್ನೇ ಬೇರೆ ರೀತಿಯಲ್ಲಿ ಹೇಳುತ್ತೇನೆ. ಗಾಲೆಯ ಕ್ರೀಡಾಂಗಣಕ್ಕೆ ಹೊಂದಿಕೊಂಡೇ ಹಳೆಯ ಕೋಟೆ, ಎರಡು ಕಡೆ ಸಮುದ್ರ. 2004ರ ಸುನಾಮಿಯಲ್ಲಿ ನಾಶವಾಗಿ 2007ರ ಡಿಸೆಂಬರಿನಲ್ಲಿ ಮತ್ತೆ ತೆರೆದ ಮೈದಾನ ಅದು. ಅಲ್ಲಿ ನಡೆಯುವುದು ಹೆಚ್ಚಾಗಿ ಟೆಸ್ಟ್ ಪಂದ್ಯ. ಇಂಗ್ಲೆಂಡ್ ತಂಡ ಬಂದರೆ ಅವರ ಅಭಿಮಾನಿಗಳು ಗುಂಪುಗುಂಪಾಗಿ ಜೊತೆಗೆ ಬರುತ್ತಾರೆ. ಐದು ದಿನ ಆಟ, ಮುಂದಿನ ಪಂದ್ಯಕ್ಕೆ ಮುಂಚೆ ಬಿಡುವು, ಮತ್ತೆ ಐದು ದಿನ. ನಿಧಾನವಾಗಿ ತಿನ್ನುತ್ತಾರೆ, ನಡೆಯುತ್ತಾರೆ, ಸ್ಥಳೀಯರ ಹೆಸರು ಕಲಿಯುತ್ತಾರೆ. ದ್ವೀಪಕ್ಕೆ ವಿಶ್ವಕಪ್ಪಿನ ಒಂದು ಭಾರತ-ಪಾಕಿಸ್ತಾನ ಪಂದ್ಯಕ್ಕಿಂತ ಗಾಲೆಯ ಒಂದು ಟೆಸ್ಟ್ ಹೆಚ್ಚು ಹಿತ ಎಂದು ನಾನು ನಂಬಿದ್ದೇನೆ. ನಮ್ಮ ಯುವಕರು ಇದನ್ನು ಒಪ್ಪಲಿಕ್ಕಿಲ್ಲ.

ಕಟ್ಟಡ ಕಟ್ಟಿ ಕಾಯುವುದರ ಬಗ್ಗೆ ಹೆಚ್ಚು ಹೇಳಬೇಕಿಲ್ಲ, ಲಂಕೆಯ ಹಂಬನ್‌ತೋಟ ಕಣ್ಣಮುಂದಿದೆ. 2011ರ ವಿಶ್ವಕಪ್ಪಿಗೆಂದು ಅಲ್ಲಿನ ಸೂರಿಯವೆವದಲ್ಲಿ 35,000 ಆಸನಗಳ ಕ್ರೀಡಾಂಗಣ ಕಟ್ಟಿದರು. ಆ ವಿಶ್ವಕಪ್ಪಿನ ಎರಡೇ ಪಂದ್ಯ ಅಲ್ಲಿ ನಡೆದವು. 2018ರ ಕಾಮನ್‌ವೆಲ್ತ್ ಕ್ರೀಡಾಕೂಟವನ್ನೂ ಅಲ್ಲಿಗೆ ತರಲು ಹೊರಟು 2011ರ ನವೆಂಬರಿನ ಮತದಾನದಲ್ಲಿ ಗೋಲ್ಡ್ ಕೋಸ್ಟ್ ಎದುರು ಸೋತರು. ಸಮೀಪದ ಮತ್ತಲದಲ್ಲಿ 2013ರಲ್ಲಿ ತೆರೆದ ವಿಮಾನ ನಿಲ್ದಾಣ ವಿಮಾನಗಳೇ ಇಲ್ಲದ ನಿಲ್ದಾಣವೆಂದು ಜಗತ್ತಿಗೆ ಪರಿಚಯವಾಯಿತು. ಕ್ರಿಕೆಟ್ ಮಂಡಳಿಯ ತಲೆಯ ಮೇಲೆ ಸಾಲ ಕೂತಿತು.

ಇದಕ್ಕೆ ಪ್ರತಿಯಾಗಿ ಒಂದು ಕಾಸಿನ ಕಟ್ಟಡವೂ ಬೇಡದ ಕೆಲಸವೊಂದಿದೆ, ದಾರಿ ಸುಲಭ ಮಾಡುವುದು. 2023ರ ಕೊನೆಯಲ್ಲಿ ಶ್ರೀಲಂಕಾ ಭಾರತವೂ ಸೇರಿ ಏಳು ದೇಶದವರಿಗೆ ವೀಸಾ ಶುಲ್ಕ ಬಿಟ್ಟುಕೊಟ್ಟಿತು. ಆ ವರ್ಷ 3 ಲಕ್ಷ ದಾಟಿದ್ದ ಭಾರತೀಯ ಪ್ರವಾಸಿಗರು ಮರುವರ್ಷ 4 ಲಕ್ಷ ದಾಟಿದರು. ಲಂಕೆಗೆ ಅತಿ ಹೆಚ್ಚು ಜನ ಹೋಗುವುದು ನಮ್ಮ ದೇಶದಿಂದ. ಬೆಂಗಳೂರಿನಿಂದ ಕೊಲಂಬೊಗೆ ವಿಮಾನದಲ್ಲಿ ಒಂದೂವರೆ ಗಂಟೆ. ಮೆಟ್ರೊ ಕಾಮಗಾರಿಯ ಈ ದಿನಗಳಲ್ಲಿ ಬಿಳೇಕಹಳ್ಳಿಯಿಂದ ದೇವನಹಳ್ಳಿಯ ವಿಮಾನ ನಿಲ್ದಾಣ ಸೇರಲು ಅದಕ್ಕಿಂತ ಹೆಚ್ಚು ಹೊತ್ತು ಬೇಕು. ನಾವು ಅಷ್ಟು ಹತ್ತಿರದ ನೆರೆಯವರು.

ದೊಡ್ಡ ನೆಲದ ಪಕ್ಕದ ದ್ವೀಪಕ್ಕೆ ಇನ್ನೊಂದು ಕಷ್ಟವಿದೆ. ದೊಡ್ಡ ಪಂದ್ಯ ಎಲ್ಲಿ ನಡೆಯಬೇಕೆಂದು ಅದು ನಿರ್ಧರಿಸುವುದಿಲ್ಲ. 2024ರ ಟಿ20 ವಿಶ್ವಕಪ್ ಅಮೆರಿಕ ಮತ್ತು ವೆಸ್ಟ್ ಇಂಡೀಸಿನಲ್ಲಿ ನಡೆದಾಗ ಭಾರತ-ಪಾಕಿಸ್ತಾನ ಪಂದ್ಯ ನ್ಯೂಯಾರ್ಕಿನ ತಾತ್ಕಾಲಿಕ ಕ್ರೀಡಾಂಗಣಕ್ಕೆ ಹೋಯಿತು, ಕ್ರಿಕೆಟ್ ಬೆಳೆಸಿದ ದ್ವೀಪಗಳಿಗಲ್ಲ. ಫೈನಲ್ ಮಾತ್ರ ಜೂನ್ 29ರಂದು ಅದೇ ಕೆನ್ಸಿಂಗ್ಟನ್ ಓವಲ್‌ನಲ್ಲಿ. ಭಾರತ ಗೆದ್ದಿತು. ಹದಿನೇಳು ವರ್ಷದ ಹಿಂದೆ ಅದೇ ದ್ವೀಪಗಳಿಂದ ತಲೆ ತಗ್ಗಿಸಿ ಬಂದಿದ್ದ ನಮ್ಮ ದ್ರಾವಿಡ್ ಈಗ ಕೋಚ್ ಆಗಿ ಕಪ್ ಎತ್ತಿ ಕೂಗಿದ್ದನ್ನು ನೋಡಿ ನಾನು ಅತ್ತೆ. ಅದರ ಬೆನ್ನಲ್ಲೇ ಬೆರಿಲ್ ಚಂಡಮಾರುತ ಬಂದು ತಂಡವೇ ಬ್ರಿಜ್‌ಟೌನಿನಲ್ಲಿ ಸಿಕ್ಕಿಬಿತ್ತು. ಆಟಗಾರರು ಜುಲೈ 4ರಂದು ಭಾರತಕ್ಕೆ ಬಂದರು, ದ್ವೀಪದವರು ಅಲ್ಲೇ ಉಳಿದು ಮುರಿದ ದೋಣಿಗಳನ್ನು ರಿಪೇರಿ ಮಾಡಿಕೊಂಡರು.

ಆತಿಥ್ಯ ತಪ್ಪುವುದರ ನೋವು ಈಗ ನಮಗೂ ಗೊತ್ತು. ಈ ವರ್ಷದ ಮಹಿಳಾ ವಿಶ್ವಕಪ್ಪಿನ ಪಂದ್ಯಗಳು ಬೆಂಗಳೂರಿನಲ್ಲಿ ನಡೆಯಬೇಕಿತ್ತು. ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ ಹನ್ನೊಂದು ಜೀವ ಹೋಯಿತು. ಆಗಸ್ಟಿನಲ್ಲಿ ಆತಿಥ್ಯದ ಪಟ್ಟಿಯ ನಮ್ಮ ಜಾಗ ನವಿ ಮುಂಬೈಗೆ ಹೋಯಿತು. ಮುಂದಿನ ಫೆಬ್ರವರಿಯ ಪಟ್ಟಿಯಲ್ಲೂ ಬೆಂಗಳೂರಿಲ್ಲ. ಸತ್ತವರ ಮನೆಗಳ ಮುಂದೆ ಹೋಟೆಲ್ ಬುಕಿಂಗಿನ ನಷ್ಟದ ಮಾತು ಸಣ್ಣದು. ನಾನು ಅದನ್ನು ಇಲ್ಲಿ ಎತ್ತುವುದಿಲ್ಲ. ಜನ ಸೇರಿಸುವವರಿಗೆ ಜನರನ್ನು ಕ್ಷೇಮವಾಗಿ ಮನೆಗೆ ಕಳುಹಿಸುವುದೇ ಮೊದಲ ಕರ್ತವ್ಯ ಎಂಬುದನ್ನು ಮಾತ್ರ ಹೇಳಿ ಮುಂದೆ ಹೋಗುತ್ತೇನೆ.

ಆಟ ಮತ್ತು ಮಳೆಯ ಇದೇ ಲೆಕ್ಕದಲ್ಲಿ ನಮ್ಮ ಕರಾವಳಿಯ ಒಂದು ಮಾತು. ಸಸಿಹಿತ್ಲುವಿನಲ್ಲಿ, ಪಣಂಬೂರಿನಲ್ಲಿ ರಾಷ್ಟ್ರಮಟ್ಟದ ಸರ್ಫಿಂಗ್ ಸ್ಪರ್ಧೆಗಳು ನಡೆದಿವೆ, ಅದು ಅಲೆ ಎದ್ದಿರುವ ಮಳೆಗಾಲದ ಹೊಸ್ತಿಲಿನ ಆಟ. ಮಲ್ಪೆಯಿಂದ ತೋನ್ಸೆಪಾರ್‌ಗೆ, ಅಂದರೆ ಸೇಂಟ್ ಮೇರೀಸ್ ದ್ವೀಪಕ್ಕೆ, ದೋಣಿ ನಿಲ್ಲುವುದೂ ಅದೇ ಮಳೆಗಾಲಕ್ಕೆ. ಆಟ ನೋಡಲು ಬಂದವರನ್ನು ದ್ವೀಪಕ್ಕೆ ಕರೆದೊಯ್ಯುತ್ತೇವೆ ಎಂದು ಯಾರಾದರೂ ಯೋಜನೆ ಬರೆದರೆ ಮೊದಲು ಮಲ್ಪೆ ಬಂದರಿನ ದೋಣಿಯವರನ್ನು ಕೇಳಲಿ. ಆ ಕಂಬಗಲ್ಲಿನ ಪುಟ್ಟ ದ್ವೀಪ ಸಾವಿರಾರು ಜನರ ಗದ್ದಲ ತಾಳುವಂಥದ್ದಲ್ಲ.

ಕೊನೆಯಲ್ಲಿ ಮತ್ತೆ ಲಂಕೆಗೆ ಬರುತ್ತೇನೆ. 2022ರಲ್ಲಿ ಆ ದೇಶ ದಿವಾಳಿಯಾಗಿ ಪೆಟ್ರೋಲಿಗೆ ದಿನಗಟ್ಟಲೆ ಸಾಲು ನಿಂತಿತ್ತು. ಪ್ರವಾಸಿಗರು ದೂರವಾದರು. ಆದರೂ ಆಸ್ಟ್ರೇಲಿಯಾ ತಂಡ ಬಂದು ಆಡಿತು. ಜೂನ್ 24ರ ಕೊನೆಯ ಏಕದಿನ ಪಂದ್ಯಕ್ಕೆ ಲಂಕೆಯ ಜನ ಎದುರಾಳಿಯ ಹಳದಿ ಬಟ್ಟೆ ತೊಟ್ಟು ಪ್ರೇಮದಾಸಕ್ಕೆ ಬಂದರು, "ಬಂದಿರಲ್ಲ, ಉಪಕಾರವಾಯಿತು" ಎನ್ನುವುದಕ್ಕೆ. 1996ರಲ್ಲಿ ಬರಲು ಒಪ್ಪದ ದೇಶಕ್ಕೆ ಅವರು ಕೊಟ್ಟ ಮರ್ಯಾದೆ ಅದು. ಕಷ್ಟದಲ್ಲಿ ಬಂದವರನ್ನು ದ್ವೀಪದ ಜನ ಮರೆಯುವುದಿಲ್ಲ.

ಈಗ ಮತ್ತೆ ಅವರಿಗೆ ಕಷ್ಟ ಬಂದಿದೆ. ನವೆಂಬರ್ ಕೊನೆಯಲ್ಲಿ ದಿತ್ವಾ ಚಂಡಮಾರುತ ಹೊಡೆದು ಕ್ಯಾಂಡಿ, ಬದುಲ್ಲ, ನುವಾರ ಎಲಿಯ ಕಡೆಯ ಗುಡ್ಡಗಳು ಕುಸಿದವು. ಆರು ನೂರಕ್ಕೂ ಹೆಚ್ಚು ಜನ ಸತ್ತಿದ್ದಾರೆ. ದೆಹಿವಲದ ತಾಯಿಗೆ ಫೋನ್ ಮಾಡಿದೆ. ಮನೆಯೊಳಗೆ ನೀರು ಬಂದಿಲ್ಲ, ನಾವು ಕ್ಷೇಮ ಎಂದರು. ಜನವರಿಯ ಬುಕಿಂಗ್‌ಗಳು ರದ್ದಾಗುತ್ತಿವೆ, ಫೆಬ್ರವರಿ 14 ಮತ್ತು 15ಕ್ಕೆ ಮಾತ್ರ ಮೂರು ಕೋಣೆಗೂ ಮೂವತ್ತು ಜನ ಕೇಳಿದ್ದಾರೆ ಎಂದರು.

ಮ್ಯಾಚಿಗೆ ಹೋಗುವವರು ದಯವಿಟ್ಟು ಹೋಗಿ, ಸಂತೋಷವಾಗಿ ನೋಡಿ ಬನ್ನಿ. ವಾಪಸಿನ ಟಿಕೆಟನ್ನು ಹದಿನಾರಕ್ಕೆ ಬದಲು ಹದಿನೆಂಟಕ್ಕೆ ಮಾಡಿಸಿ. ಟಿಕೆಟ್ ಸಿಗದವರು ರಸ್ತೆಗಳು ದುರಸ್ತಿಯಾದ ಮೇಲೆ ಮಾರ್ಚ್ ಕೊನೆಯಲ್ಲೋ ಏಪ್ರಿಲ್‌ನಲ್ಲೋ, ಮಕ್ಕಳ ಪರೀಕ್ಷೆ ಮುಗಿದ ನಂತರ ಹೋಗಿ. ಆಗ ಅಲ್ಲಿ ವಿಶ್ವಕಪ್ಪಿನ ಗದ್ದಲ ಇರುವುದಿಲ್ಲ, ಕೋಣೆ ಸಿಗುವುದು ಸುಲಭ. ಆ ಗೆಸ್ಟ್‌ಹೌಸಿನ ವಿಳಾಸ ಬೇಕಾದವರು ಉಪನ್ಯಾಸ ಮುಗಿದ ಮೇಲೆ ನನ್ನ ಹತ್ತಿರ ಬನ್ನಿ, ಬರೆದು ಕೊಡುತ್ತೇನೆ.